ನಿದ್ರೆಯನ್ನು ದ್ವೇಷಿಸಬೇಕೇ?

ಶರೀರವನ್ನು ಧರಿಸಿದ ಜೀವಕ್ಕೂ ನಿದ್ರೆಗೂ ಇರುವ ನಂಟು ವಿಚಿತ್ರವಾದುದು. ಬಾರದಿದ್ದರೆ ಅದಕ್ಕಾಗಿ ಹಂಬಲ, ಬಂದರೆ ಹೊತ್ತು ಹೋಯಿತೆಂಬ ಬೇಸರ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಒಕ್ಕಲಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಂಪ್‌ಸೆಟ್ಟಿಗೆ ವಿದ್ಯುತ್ತು ರಾತ್ರಿಯ ಪಾಳಿಯಲ್ಲಿ ಬಂದರೆ ರೈತ ಆಗಲೇ ಎದ್ದು ನೀರು ಹಾಯಿಸಬೇಕು. ಗೋವಿನಜೋಳ ತೆನೆ ಕಟ್ಟಿದಾಗ ಹಂದಿ ಕಾಯುತ್ತ ಹೊಲದಲ್ಲಿಯೇ ಇರುಳು ಕಳೆಯಬೇಕು. ಹಾಗೆ ದಣಿದ ಶ್ರಾವಕ ಮುಂಜಾವಿನಲ್ಲಿ ಬಸದಿಗೆ ಹೋಗಬೇಕೆಂದು ಸಂಕಲ್ಪಿಸಿ ಮಲಗುತ್ತಾನೆ. ಕಣ್ಣು ತೆರೆಯುವಾಗ ಬಿಸಿಲು ಏರಿರುತ್ತದೆ. ಅಭಿಷೇಕದ ದರ್ಶನ ತಪ್ಪಿತೆಂಬ ಅಳುಕು ದಿನವಿಡೀ ಅವನನ್ನು ಕಾಡುತ್ತದೆ. ಹಾಗಾದರೆ ಮಲಗಿದ್ದು ದೋಷವಾಯಿತೇ? ನಿದ್ರೆ ಧರ್ಮಕ್ಕೆ ಶತ್ರುವೇ?

ಜೈನ ಸಿದ್ಧಾಂತ ನಿದ್ರೆಯನ್ನು ಹೊಗಳುವುದಿಲ್ಲ. ಅರ್ಹಂತರಲ್ಲಿ ಇಲ್ಲದ ಹದಿನೆಂಟು ದೋಷಗಳಲ್ಲಿ ಹಸಿವು, ಬಾಯಾರಿಕೆಗಳೊಡನೆ ನಿದ್ರೆಯೂ ಸೇರಿದೆ. ಎಂಟು ಮೂಲಕರ್ಮಗಳಲ್ಲಿ ಎರಡನೆಯದಾದ ದರ್ಶನಾವರಣೀಯದ ಒಂಬತ್ತು ಭೇದಗಳಲ್ಲಿ ಐದು ನಿದ್ರೆಗೇ ಸಂಬಂಧಿಸಿದವು: ನಿದ್ರಾ, ನಿದ್ರಾನಿದ್ರಾ, ಪ್ರಚಲಾ, ಪ್ರಚಲಾಪ್ರಚಲಾ, ಸ್ತ್ಯಾನಗೃದ್ಧಿ. ತತ್ತ್ವಾರ್ಥಸೂತ್ರಕ್ಕೆ ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯಾನ ಬರೆದ ಪೂಜ್ಯಪಾದ ಆಚಾರ್ಯರು ಇವುಗಳನ್ನು ಒಂದೊಂದಾಗಿ ವಿವರಿಸುತ್ತಾರೆ. ದಣಿವನ್ನು ಕಳೆಯಲು ಮಲಗುವುದು ನಿದ್ರೆ. ಅದರ ಮೇಲೆ ಮತ್ತೆ ಮತ್ತೆ ಬರುವುದು ನಿದ್ರಾನಿದ್ರೆ. ಕುಳಿತಲ್ಲಿಯೇ ತೂಕಡಿಸುವಂತೆ ಮಾಡುವುದು ಪ್ರಚಲಾ, ಅದೇ ಮರುಕಳಿಸಿದರೆ ಪ್ರಚಲಾಪ್ರಚಲಾ. ಮಲಗಿದವನು ನಿದ್ರೆಯಲ್ಲಿಯೇ ಎದ್ದು ರೌದ್ರಕಾರ್ಯಗಳನ್ನು ಮಾಡುವುದು ಸ್ತ್ಯಾನಗೃದ್ಧಿ. ಐದೂ ಆವರಣಗಳೇ, ಆದರೆ ಐದರ ತೂಕವೂ ಒಂದೇ ಅಲ್ಲ. ಮೊದಲನೆಯದು ದಣಿದ ದೇಹದ ಬೇಡಿಕೆ. ಕೊನೆಯದು ಜೀವವನ್ನು ಕಟ್ಟಿಹಾಕುವ ಗಾಢಾಂಧಕಾರ.

ಈ ತೂಕದ ಭೇದ ಎಷ್ಟು ಮಹತ್ವದ್ದೆಂಬುದನ್ನು ತಿಳಿಸುವ ಪರಂಪರೆಯೊಂದು ಇದೇ ನೆಲದಲ್ಲಿ ಬೆಳೆದಿದೆ. ಶಿಗ್ಗಾವಿ ತಾಲ್ಲೂಕಿನ ಬಂಕಾಪುರ ಒಂದು ಕಾಲಕ್ಕೆ ಜೈನ ವಿದ್ಯೆಯ ದೊಡ್ಡ ಕೇಂದ್ರವಾಗಿತ್ತು. ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಕ್ರಿ.ಶ. 898ರಲ್ಲಿ, ಲೋಕಾದಿತ್ಯನ ಆಳ್ವಿಕೆಯಲ್ಲಿ, ಪೂಜೆ ಸಂದದ್ದು ಇಲ್ಲಿಯೇ. ಮುಂದಿನ ಶತಮಾನದಲ್ಲಿ ಇಲ್ಲಿದ್ದ ಅಜಿತಸೇನ ಆಚಾರ್ಯರು ಚಾವುಂಡರಾಯನಿಗೆ ಗುರುಗಳಾಗಿದ್ದರು. ಆ ಚಾವುಂಡರಾಯನಿಗಾಗಿಯೇ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರವನ್ನು ರಚಿಸಿದರೆಂಬುದು ಪರಂಪರೆಯ ನಂಬಿಕೆ. ಜೀವವು ಮಿಥ್ಯಾತ್ವದಿಂದ ಮುಕ್ತಿಯವರೆಗೆ ಏರುವ ಹದಿನಾಲ್ಕು ಗುಣಸ್ಥಾನಗಳಲ್ಲಿ ಯಾವ ಕರ್ಮ ಎಲ್ಲಿ ಕ್ಷಯವಾಗುತ್ತದೆ ಎಂಬುದನ್ನು ಆ ಗ್ರಂಥ ಲೆಕ್ಕವಿಟ್ಟು ಹೇಳುತ್ತದೆ.

ಆ ಲೆಕ್ಕವನ್ನು ನಿದ್ರೆಯ ದೃಷ್ಟಿಯಿಂದ ನೋಡಿದರೆ ಅಚ್ಚರಿಯಾಗುತ್ತದೆ. ಗಾಢವಾದ ಮೂರು ನಿದ್ರೆಗಳು ಒಂಬತ್ತನೆಯ ಗುಣಸ್ಥಾನದಲ್ಲಿ ಕ್ಷಯವಾಗುತ್ತವೆ. ಕ್ರೋಧ, ಮಾನ, ಮಾಯೆಗಳು ಅಳಿದ ಮೇಲೆ ಹತ್ತನೆಯದರ ಕೊನೆಯಲ್ಲಿ ಸೂಕ್ಷ್ಮಲೋಭವೂ ಹೋಗುತ್ತದೆ. ಹನ್ನೆರಡನೆಯದಾದ ಕ್ಷೀಣಕಷಾಯಕ್ಕೆ ಏರಿದ ಮಹಾತ್ಮನಲ್ಲಿ ಮೋಹದ ಅಣುವೂ ಉಳಿದಿರುವುದಿಲ್ಲ. ಆದರೂ ಹಗುರವಾದ ನಿದ್ರಾ ಮತ್ತು ಪ್ರಚಲಾ ಕರ್ಮಗಳು ಅಲ್ಲಿಯೂ ಇರುತ್ತವೆ. ಆ ಗುಣಸ್ಥಾನ ಮುಗಿಯಲು ಇನ್ನೊಂದು ಸಮಯ ಮಾತ್ರ ಉಳಿದಿರುವಾಗ ಅವು ಕ್ಷಯವಾಗುತ್ತವೆ. ಅದರ ಬೆನ್ನಿಗೇ ಕೇವಲಜ್ಞಾನ. ಎಂದರೆ ಕೋಪ ಮೊದಲು ಹೋಗುತ್ತದೆ, ಲೋಭ ಮೊದಲು ಹೋಗುತ್ತದೆ. ಸಾಧಾರಣ ನಿದ್ರೆಯ ಬೇರು ಅವುಗಳ ನಂತರ ಕೀಳುತ್ತದೆ. ಕೋಪವನ್ನು ಹಾಗೆಯೇ ಇರಿಸಿಕೊಂಡು ನಿದ್ರೆಯೊಂದನ್ನೇ ಗೆಲ್ಲಹೊರಟವನು ಮೆಟ್ಟಿಲುಗಳನ್ನು ತಲೆಕೆಳಗಾಗಿ ಏರಹೊರಟಂತೆ. ನಾಲ್ಕು ತಾಸು ಮಾತ್ರ ಮಲಗುತ್ತೇನೆಂದು ಬೀಗುವವನಲ್ಲಿ ನಿದ್ರೆ ಕಡಿಮೆಯಾಗಿರಬಹುದು, ಮಾನಕಷಾಯ ಬೆಳೆದಿರುತ್ತದೆ.

ಮುನಿಗಳ ಆಚಾರವೂ ಇದನ್ನೇ ಸೂಚಿಸುತ್ತದೆ. ಅವರ ಇಪ್ಪತ್ತೆಂಟು ಮೂಲಗುಣಗಳಲ್ಲಿ ಕ್ಷಿತಿಶಯನ ಒಂದು. ನೆಲದ ಮೇಲೆ, ಒಂದೇ ಮಗ್ಗುಲಲ್ಲಿ, ಅಲ್ಪಕಾಲ ಮಲಗುವುದು ಅವರ ಕ್ರಮ. ಏಕಭುಕ್ತದಲ್ಲಿ ಅನ್ನಕ್ಕೆ ಮಿತಿಯಿರುವಂತೆ ಕ್ಷಿತಿಶಯನದಲ್ಲಿ ನಿದ್ರೆಗೆ ಮಿತಿಯಿದೆ. ಎರಡರಲ್ಲಿಯೂ ಸುಖದ ಆಸೆಗೆ ಎಡೆಯಿಲ್ಲ. ದೇಹವು ಸಂಯಮಕ್ಕೆ ಒದಗುವಷ್ಟನ್ನು ಅದಕ್ಕೆ ಕೊಡುವುದಷ್ಟೇ ಉದ್ದೇಶ. ಮಹಾವ್ರತಿಗಳೇ ದೇಹಕ್ಕೆ ಅಷ್ಟನ್ನು ಸಲ್ಲಿಸುವಾಗ, ದುಡಿದು ಬಂದ ಗೃಹಸ್ಥನು ತನ್ನ ಕಣ್ಣುಗಳ ಮೇಲೆ ಹಗೆ ಸಾಧಿಸಬೇಕಾಗಿಲ್ಲ.

ಹಾಗೆಂದು ಆಲಸ್ಯಕ್ಕೆ ಇಲ್ಲಿ ಅನುಮತಿ ಸಿಕ್ಕಿತೆಂದು ತಿಳಿಯಬಾರದು. ಹದಿನೈದು ಪ್ರಮಾದಗಳಲ್ಲಿ ನಿದ್ರೆಯೂ ಒಂದು. ಉಳಿದವು ಯಾವುವೆಂದು ನೋಡಬೇಕು: ನಾಲ್ಕು ಕಷಾಯಗಳು, ಐದು ಇಂದ್ರಿಯಗಳ ಹರಿದಾಟ, ಸ್ನೇಹ, ಮತ್ತು ನಾಲ್ಕು ವಿಕಥೆಗಳು. ಸ್ತ್ರೀಕಥೆ, ಭೋಜನಕಥೆ, ರಾಷ್ಟ್ರಕಥೆ, ರಾಜಕಥೆಗಳೆಂಬ ಈ ವಿಕಥೆಗಳು ಇಂದು ಪ್ರತಿಯೊಬ್ಬರ ಅಂಗೈಯ ಮೊಬೈಲಿನಲ್ಲಿ ನಡುರಾತ್ರಿಯವರೆಗೂ ಬೆಳಗುತ್ತಿರುತ್ತವೆ. ಅವುಗಳ ಮುಂದೆ ಎಚ್ಚರವಾಗಿ ಕುಳಿತವನು ಒಂದು ಪ್ರಮಾದದಿಂದ ತಪ್ಪಿಸಿಕೊಂಡು ನಾಲ್ಕಕ್ಕೆ ಸಿಕ್ಕಿಬಿದ್ದಿದ್ದಾನೆ. ಬೆಳಿಗ್ಗೆ ಬಸದಿ ತಪ್ಪಿದರೆ ಅವನು ನಿದ್ರೆಯನ್ನು ದೂರುತ್ತಾನೆ. ನೀರು ಹಾಯಿಸಿ ಬಂದವನ ತಡವೂ ಇವನ ತಡವೂ ಗಡಿಯಾರದಲ್ಲಿ ಒಂದೇ ಆಗಿ ಕಂಡರೂ ಧರ್ಮದ ತಕ್ಕಡಿಯಲ್ಲಿ ಒಂದೇ ಅಲ್ಲ.

ಶ್ವೇತಾಂಬರ ಆಗಮವಾದ ಭಗವತೀ ಸೂತ್ರದಲ್ಲಿ ಕೌಶಾಂಬಿಯ ಜಯಂತಿ ಎಂಬ ಶ್ರಾವಿಕೆಯ ಪ್ರಸಂಗವಿದೆ. ಮಲಗಿರುವುದು ಒಳ್ಳೆಯದೋ, ಎಚ್ಚರವಾಗಿರುವುದು ಒಳ್ಳೆಯದೋ ಎಂದು ಆಕೆ ಭಗವಾನ್ ಮಹಾವೀರರನ್ನು ಕೇಳುತ್ತಾಳೆ. ಎಲ್ಲರಿಗೂ ಅನ್ವಯಿಸುವ ಒಂದೇ ಉತ್ತರ ಅವರಿಂದ ಬರುವುದಿಲ್ಲ. ಕೆಲವರಿಗೆ ನಿದ್ರೆ ಲೇಸು, ಕೆಲವರಿಗೆ ಎಚ್ಚರ ಲೇಸು ಎಂಬುದು ಆ ಉತ್ತರದ ಸಾರ. ಅಧರ್ಮದಲ್ಲಿ ತೊಡಗಿರುವವನು ಮಲಗಿದಷ್ಟು ಹೊತ್ತು ಇತರ ಜೀವಿಗಳು ನೋವಿನಿಂದ ಪಾರಾಗುತ್ತವೆ. ಧರ್ಮದಲ್ಲಿ ನಡೆಯುವವನು ಎಚ್ಚರವಾಗಿದ್ದಷ್ಟು ಹೊತ್ತು ಅವುಗಳಿಗೆ ಹಿತವಾಗುತ್ತದೆ. ಎಚ್ಚರವನ್ನು ಅಳೆಯುವುದು ತಾಸಿನಿಂದಲ್ಲ, ಆ ತಾಸಿನಲ್ಲಿ ನಡೆದ ಕೆಲಸದಿಂದ.

ಈ ಮಾತನ್ನು ಒಪ್ಪಿದವರ ಮೇಲೆ ಇನ್ನೊಂದು ಹೊಣೆಯೂ ಬರುತ್ತದೆ. ಪ್ರಮಾದದಿಂದ ಪ್ರಾಣಗಳಿಗೆ ಘಾತವಾಗುವುದೇ ಹಿಂಸೆ ಎಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಹತ್ತು ಪ್ರಾಣಗಳಲ್ಲಿ ಕಾಯಬಲ, ಮನೋಬಲಗಳೂ ಸೇರಿವೆ. ಇನ್ನೊಬ್ಬರ ನಿದ್ರೆಯನ್ನು ಅಜಾಗರೂಕತೆಯಿಂದ ಕಸಿಯುವುದು ಈ ಬಲಗಳಿಗೆ ಪೆಟ್ಟು ಕೊಡುವುದೇ ಆಗಿದೆ. ಇರುಳೆಲ್ಲ ಮೊಳಗುವ ಧ್ವನಿವರ್ಧಕ ದೇವರ ಹೆಸರಿನದಾದರೂ ಈ ದೋಷದಿಂದ ಹೊರತಲ್ಲ. ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಮಲಗಿ ಎಲ್ಲರಿಗಿಂತ ಮೊದಲು ಏಳುವ ಗೃಹಿಣಿಯ ದಣಿವನ್ನು ಕಾಣದೆ ಅಹಿಂಸೆಯ ಪ್ರವಚನ ಕೇಳುವುದರಲ್ಲಿ ಅರ್ಥವಿಲ್ಲ. ಬಸದಿಗೆ ತಡವಾಗಿ ಬಂದವನನ್ನು ಕಂಡು ಹುಬ್ಬು ಗಂಟಿಕ್ಕುವ ಮೊದಲು ಅವನ ರಾತ್ರಿ ಹೇಗೆ ಕಳೆಯಿತೆಂದು ಕೇಳುವುದು ಸಾಧರ್ಮಿ ವಾತ್ಸಲ್ಯ.

ನಿದ್ರೆಯನ್ನು ಹಗೆತನವಿಲ್ಲದೆ, ಮೋಹವಿಲ್ಲದೆ ಸ್ವೀಕರಿಸುವ ದಾರಿ ಶ್ರಾವಕಾಚಾರದಲ್ಲಿಯೇ ಇದೆ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಅನಸ್ತಮಿತ ವ್ರತದಿಂದ ಜೀವದಯೆಯೊಂದಿಗೆ ದೇಹಕ್ಕೂ ಹಗುರ. ಮಲಗುವ ಮುನ್ನ ದಿನದ ತಪ್ಪುಗಳ ಆಲೋಚನೆ, ಸಕಲ ಜೀವಿಗಳಲ್ಲಿ ಕ್ಷಮಾಯಾಚನೆ, ಪಂಚನಮಸ್ಕಾರ ಮಂತ್ರದ ಸ್ಮರಣೆ. ಏಳುವವರೆಗೆ ಆಹಾರವನ್ನೂ ಪರಿಗ್ರಹವನ್ನೂ ತ್ಯಜಿಸಿದ್ದೇನೆಂಬ ನಿಯಮವನ್ನು ಹಲವರು ತೆಗೆದುಕೊಳ್ಳುತ್ತಾರೆ. ಗಂಗದೊರೆ ಮಾರಸಿಂಹನು ಕ್ರಿ.ಶ. 974ರ ಸುಮಾರಿಗೆ ರಾಜ್ಯವನ್ನು ತೊರೆದು ಬಂದು, ಬಂಕಾಪುರದಲ್ಲಿ ಅಜಿತಸೇನರ ಸನ್ನಿಧಿಯಲ್ಲಿ ಮೂರು ದಿನ ಸಲ್ಲೇಖನವನ್ನು ಆಚರಿಸಿ ದೇಹ ಬಿಟ್ಟನೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಅಂಥ ತ್ಯಾಗ ಎಲ್ಲರಿಗೂ ಸಾಧ್ಯವಾಗುವುದಿಲ್ಲ. ಆದರೆ ಕೋಪವನ್ನೂ ನನ್ನದೆಂಬುದನ್ನೂ ಹಾಸಿಗೆಯ ಹೊರಗೆ ಬಿಟ್ಟು ಮಲಗುವ ಅವಕಾಶ ಪ್ರತಿ ಇರುಳೂ ಪ್ರತಿಯೊಬ್ಬರಿಗೂ ಇದೆ. ಹಾಗೆ ಮಲಗಿದವನು ತುಸು ತಡವಾಗಿ ಎದ್ದರೂ ಅಂಜಬೇಕಾಗಿಲ್ಲ; ಎದ್ದ ಮೇಲೆ ಪ್ರಮಾದವಿಲ್ಲದೆ ನಡೆದರೆ ಸಾಕು.