ಬೆಟ್ಟದ ದಾರಿಯಲ್ಲಿ ಸೈಕಲ್ಲೇ ಅಪರಾಧಿಯೇ?

ಕನ್ನಡದಲ್ಲಿ ಇಂದು ‘ಬೈಕು’ ಎಂದರೆ ಮೋಟಾರು ಇರುವ ಗಾಡಿ. ತುಳಿಯುವ ಗಾಡಿಗೆ ‘ಸೈಕಲ್ಲು’ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಮಾತು ಸಲ್ಲುತ್ತದೆ. ಇಷ್ಟು ಸಣ್ಣ ಶಬ್ದಭೇದವನ್ನು ಹಿಡಿದು ಜಗ್ಗುವುದು ಕನ್ನಡ ಮೇಷ್ಟರ ಚಾಳಿ ಎಂದು ಓದುಗರು ನಕ್ಕಾರು. ನಗಲಿ. ಆದರೆ ‘ಮೌಂಟನ್ ಬೈಕ್’ ಎಂಬ ಹೆಸರನ್ನು ಹೊತ್ತುಬಂದ ತಪ್ಪಿಗಾಗಿ, ಹೊಗೆಯುಗುಳದ, ಸದ್ದುಮಾಡದ, ಸವಾರನ ಕಾಲಿನ ಬಲವೊಂದನ್ನೇ ನಂಬಿದ ಸೈಕಲ್ಲು ನಮ್ಮ ಬೆಟ್ಟಗಳ ಬಾಗಿಲಲ್ಲಿ ಮೋಟಾರುಗಳ ಸಾಲಿಗೆ ಸೇರಿ ಅಪರಾಧಿಯಂತೆ ನಿಂತಿದೆಯಲ್ಲ, ಅದು ನಗುವ ಮಾತಲ್ಲ.

ಹೋದ ವರ್ಷ ನನ್ನ ಇಬ್ಬರು ವಿದ್ಯಾರ್ಥಿಗಳು ಬೆಂಗಳೂರಿಗೆ ಸಮೀಪದ ಒಂದು ಬೆಟ್ಟದ ಕಾಡುದಾರಿಗೆ ಸೈಕಲ್ಲಿನಲ್ಲಿ ಹೋದರು. ಕಾವಲಿನವರು ‘ಬೈಕುಗಳಿಗೆ ಪ್ರವೇಶವಿಲ್ಲ’ ಎಂಬ ಫಲಕವನ್ನು ತೋರಿಸಿ ಹಿಂದಕ್ಕೆ ಕಳುಹಿಸಿದರು. ಹುಡುಗರು ತಿರುಗಿಬರುತ್ತಿರುವಾಗಲೇ ಅದೇ ಬಾಗಿಲಿನಿಂದ ಜೀಪೊಂದು, ಹಾಡು ಹಚ್ಚಿಕೊಂಡು, ಒಳಗೆ ಹೋಯಿತಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತರಗತಿಯಲ್ಲಿ ಸಿಕ್ಕಿರಲಿಲ್ಲ.

ಹೆಸರಿನ ವಿಷಯದಲ್ಲಿ ನಮ್ಮ ಮಲೆನಾಡಿಗರು ನಮಗಿಂತ ಜಾಣರು. 1967ರಲ್ಲಿ ಪ್ರಕಟವಾದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಆ ಕಾಡುನಾಡಿಗೆ ಬೈಸಿಕಲ್ಲು ಬಂದಾಗ ಹಳ್ಳಿಗರ ನಾಲಗೆಯಲ್ಲಿ ಅದು ‘ಬೀಸೆಕಲ್ಲು’ ಆಗುತ್ತದೆ. ಬೀಸುವ ಕಲ್ಲು ತಿರುಗಲು ಮನುಷ್ಯನ ತೋಳು ಬೇಕು. ಸೈಕಲ್ಲಿನ ಚಕ್ರ ತಿರುಗಲು ಮನುಷ್ಯನ ಕಾಲು ಬೇಕು. ಈ ಒಂದು ಸಂಗತಿಯನ್ನು ಮರೆಯದಿದ್ದರೆ ಸಾಕು, ನನ್ನ ವಾದದ ಅರ್ಧ ಮುಗಿದಂತೆಯೇ.

ಬೆಟ್ಟದ ಸೈಕಲ್ಲಿನ ತವರು ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಪ್ರದೇಶ. 1970ರ ದಶಕದಲ್ಲಿ ಅಲ್ಲಿನ ತರುಣರು ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಟಮಲ್ಪಾಯಿಸ್ ಬೆಟ್ಟದ ಸುತ್ತಿನ ಮಣ್ಣುದಾರಿಗಳಲ್ಲಿ ಇಳಿಸತೊಡಗಿದರು. 1976ರಲ್ಲಿ ಪಂದ್ಯವೇ ಆರಂಭವಾಯಿತು. ಇಳಿಜಾರಿನ ಕಾವಿಗೆ ಬ್ರೇಕಿನೊಳಗಿನ ಗ್ರೀಸು ಸುಟ್ಟುಹೋಗಿ, ಇಳಿದ ಮೇಲೆ ಹೊಸದಾಗಿ ತುಂಬಬೇಕಾಗುತ್ತಿತ್ತು. ಅದಕ್ಕೇ ಆ ಪಂದ್ಯಕ್ಕೆ ‘ರೀಪ್ಯಾಕ್’ ಎಂದು ಹೆಸರಾಯಿತು. ಇಪ್ಪತ್ತೇ ವರ್ಷಗಳಲ್ಲಿ, 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ, ಈ ಆಟಕ್ಕೆ ಪದಕ ದೊರೆಯಿತು. ಆದರೆ ತವರಿನಲ್ಲೇ ಮುನಿಸೂ ಹುಟ್ಟಿತು. ಅಮೆರಿಕದ 1964ರ ವನ್ಯಪ್ರದೇಶ ಕಾಯಿದೆ ‘ಯಾಂತ್ರಿಕ ಸಾರಿಗೆ’ಯನ್ನು ನಿಷೇಧಿಸಿತ್ತು. ಸೈಕಲ್ಲೂ ಯಂತ್ರವೇ ಎಂಬ ಪ್ರಶ್ನೆಗೆ ಅಲ್ಲಿನ ಅರಣ್ಯ ಇಲಾಖೆ 1984ರ ನಿಯಮದಲ್ಲಿ ಹೌದೆಂದು ಉತ್ತರ ಕೊಟ್ಟಿತು. ನೋಡಿ, ಅಲ್ಲಿಯೂ ಜಗಳದ ಬೇರು ಒಂದು ಶಬ್ದದಲ್ಲಿದೆ!

ಸೈಕಲ್ಲಿನ ವಿರೋಧಿಗಳು ಮುಖ್ಯವಾಗಿ ಹೇಳುವ ಮಾತುಗಳು ಮೂರು. ಮೊದಲನೆಯದು, ಚಕ್ರ ಮಣ್ಣನ್ನು ಕೊರೆಯುತ್ತದೆ ಎಂಬುದು. ಕೊರೆಯುತ್ತದೆ, ನಿಜ. ನಡೆಯುವ ಕಾಲು ಕೊರೆಯುವುದಿಲ್ಲವೇ? ಅಮೆರಿಕದ ಮೊಂಟಾನಾದ ಬೆಟ್ಟದಾರಿಗಳಲ್ಲಿ ಪರೀಕ್ಷೆ ನಡೆಸಿ 1994ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕುದುರೆಯ ಗೊರಸೂ ಮನುಷ್ಯನ ಪಾದವೂ ಚಕ್ರಕ್ಕಿಂತ ಹೆಚ್ಚು ಮಣ್ಣನ್ನು ಸಡಿಲಿಸಿದುವೆಂದು ಕಂಡುಬಂತು. ದಾರಿ ಕೆಡುವುದು ಬೇರೆ ಕಾರಣಗಳಿಂದ. ಇಳಿಜಾರಿಗೆ ನೇರವಾಗಿ ದಾರಿ ಬಿದ್ದರೆ ಮಳೆನೀರು ಅದನ್ನೇ ಕಾಲುವೆ ಮಾಡಿಕೊಳ್ಳುತ್ತದೆ. ನೆನೆದ ಮಣ್ಣಿನ ಮೇಲೆ ಚಕ್ರ ಬಿಗಿದು ಜಾರಿಸಿದರೆ ಸಾಲು ಬೀಳುತ್ತದೆ. ಬೆಟ್ಟದ ಮೈಗೆ ಅಡ್ಡವಾಗಿ, ನೀರು ಹೊರಕ್ಕೆ ಹರಿದುಹೋಗುವಂತೆ, ಕೊಂಚ ವಾಲಿಸಿ ತೆಗೆದ ದಾರಿ ಬಹುಕಾಲ ಬಾಳುತ್ತದೆ. ಹೊಲಕ್ಕೆ ಬದು ಹಾಕಬಲ್ಲ ರೈತನಿಗೆ ಈ ವಿದ್ಯೆಯನ್ನು ಯಾರೂ ಕಲಿಸಬೇಕಾಗಿಲ್ಲ.

ಎರಡನೆಯದು, ಮೃಗಗಳಿಗೆ ತೊಂದರೆ ಎಂಬುದು. ಇದಕ್ಕೆ ನಾನು ತಲೆಬಾಗುತ್ತೇನೆ. ಸದ್ದಿಲ್ಲದೆ ವೇಗವಾಗಿ ಬರುವ ಸೈಕಲ್ಲು ತಿರುವಿನಲ್ಲಿ ಕರಡಿಯ ಮುಂದೆ ಹಠಾತ್ತನೆ ನಿಂತರೆ ಇಬ್ಬರಿಗೂ ಕೇಡು. 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿತವಾದ ರಾಮದೇವರ ಬೆಟ್ಟದಂಥ ಜಾಗದಲ್ಲಿ ಹಕ್ಕಿ ಗೂಡುಕಟ್ಟುವ ಬಂಡೆಗಳ ಬಳಿ ಯಾವ ಚಕ್ರವೂ ಸುಳಿಯಬಾರದು. ಅಭಯಾರಣ್ಯದ ಒಡಲು ಮೃಗಗಳಿಗೇ ಇರಲಿ. ನಾನು ಕೇಳುವುದು ಕಾಡಿನ ಅಂಚಿನ ದಾರಿಗಳನ್ನು, ಅದೂ ಹಗಲು ಹೊತ್ತಿನಲ್ಲಿ ಮಾತ್ರ.

ಮೂರನೆಯದು, ನಡೆಯುವವರಿಗೆ ಅಪಾಯ ಎಂಬುದು. ಇದಕ್ಕೆ ಇಂಗ್ಲೆಂಡಿನವರು ಐವತ್ತು ವರ್ಷಗಳಿಗೂ ಹಿಂದೆಯೇ ಉತ್ತರ ಕಂಡುಕೊಂಡಿದ್ದಾರೆ. ಅಲ್ಲಿನ 1968ರ ಗ್ರಾಮಾಂತರ ಕಾಯಿದೆ ಕುದುರೆದಾರಿಗಳಲ್ಲಿ ಸೈಕಲ್ಲಿಗೆ ಹಕ್ಕು ಕೊಟ್ಟಿತು. ಜೊತೆಗೆ, ನಡೆಯುವವರಿಗೂ ಕುದುರೆ ಸವಾರರಿಗೂ ಸೈಕಲ್ಲಿನವನೇ ದಾರಿ ಬಿಡಬೇಕೆಂದು ಕಟ್ಟಳೆ ಹಾಕಿತು. ಸ್ಕಾಟ್ಲೆಂಡು 2003ರ ಕಾಯಿದೆಯಲ್ಲಿ ಇನ್ನೂ ಮುಂದೆ ಹೋಗಿ, ಹೊಣೆಯರಿತು ಸಂಚರಿಸುವವರಿಗೆ ಬೆಟ್ಟ ಬಯಲುಗಳಲ್ಲಿ ಓಡಾಡುವ ಹಕ್ಕನ್ನೇ ಕೊಟ್ಟಿತು. ಹಕ್ಕು ಮತ್ತು ಹೊಣೆ ಎರಡನ್ನೂ ಒಂದೇ ಹಾಳೆಯಲ್ಲಿ ಬರೆದರು. ನಾವಾದರೋ ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಳ್ಳುವವರು.

ಇಷ್ಟಕ್ಕೂ ಈ ಹುಡುಗರು ಬೆಟ್ಟಕ್ಕೆ ಹೋಗಲೇಬೇಕೆ ಎಂದು ಕೇಳುವವರಿದ್ದಾರೆ. ಹೋಗಲೇಬೇಕು ಎನ್ನುತ್ತೇನೆ ನಾನು. ಬೆಂಗಳೂರಿನ ಸುತ್ತಿನ ನಾಡನ್ನೇ ನೋಡಿ. 1478 ಮೀಟರ್ ಎತ್ತರದ ನಂದಿಬೆಟ್ಟದ ಸಾಲಿನಲ್ಲಿ ಅರ್ಕಾವತಿ ಹುಟ್ಟುತ್ತಾಳೆ. ಹೆಸರಘಟ್ಟ, ತಿಪ್ಪಗೊಂಡನಹಳ್ಳಿಗಳ ಜಲಾಶಯಗಳನ್ನು ಹಾದು, ಮಂಚನಬೆಲೆಯಲ್ಲಿ, 1226 ಮೀಟರ್ ಎತ್ತರದ ಸಾವನದುರ್ಗದ ನೆರೆಯಲ್ಲಿ, ಮತ್ತೆ ತಂಗುತ್ತಾಳೆ. ನದಿಯ ಆ ತುದಿಗೊಂದು ಕೋಟೆ, ಈ ಮಧ್ಯಕ್ಕೊಂದು ಕೋಟೆ. ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸನ ಸೈನ್ಯ 1791ರ ಅಕ್ಟೋಬರ್ 19ರಂದು ನಂದಿದುರ್ಗವನ್ನೂ, ಅದೇ ವರ್ಷದ ಡಿಸೆಂಬರ್ 21ರಂದು ಸಾವನದುರ್ಗವನ್ನೂ ಹಿಡಿಯಿತು. ಎರಡು ತಿಂಗಳ ಅಂತರದಲ್ಲಿ ಬಿದ್ದ ಎರಡು ಕೋಟೆಗಳ ನಡುವೆ ಕೆರೆ ಏರಿ, ತೂಬು, ವೀರಗಲ್ಲು, ಪಾಳುಮಂಟಪ, ಬುರುಜುಗಳ ಸಾಲೇ ಇದೆ. ನಂದಿಯ ಬುಡದಲ್ಲಿ ಭೋಗನಂದೀಶ್ವರ. ಅದರ ಹಳೆಯ ಭಾಗಗಳಿಗೆ ಸಾವಿರದ ಇನ್ನೂರು ವರ್ಷಗಳ ವಯಸ್ಸು. ಸಾವನದುರ್ಗದ ಬುಡದಲ್ಲಿ ವೀರಭದ್ರನೂ ನರಸಿಂಹನೂ ಇದ್ದಾರೆ. ಸುತ್ತಲ ಕಾಡಿನಲ್ಲಿ ಮಾಕಳಿ ಬೇರಿನ ಬಳ್ಳಿಯಿದೆ.

ಮೋಟಾರಿನಲ್ಲಿ ಹೋಗುವವನಿಗೆ ಇದಾವುದೂ ಕಾಣುವುದಿಲ್ಲ. ಅವನಿಗೆ ಕಾಣುವುದು ಮುಂದಿನ ಮೋಟಾರಿನ ಬೆನ್ನು. ನಡೆಯುವವನಿಗೆ ಕಾಣುತ್ತದೆ, ಆದರೆ ಒಂದು ದಿನದಲ್ಲಿ ಅವನು ಒಂದು ಊರಿನ ಗಡಿಯನ್ನೂ ದಾಟಲಾರ. ಸೈಕಲ್ಲಿನವನು ಹತ್ತು ಊರು ಸುತ್ತಬಲ್ಲ. ಕಲ್ಲು ಕಂಡಲ್ಲಿ ಕಾಲೂರಿ ನಿಲ್ಲಬಲ್ಲ. ತರಗತಿಯಲ್ಲಿ ಹಳಗನ್ನಡವೆಂದರೆ ಆಕಳಿಸುವ ಹುಡುಗ, ಕೆರೆ ಏರಿಯ ಮೇಲಿನ ವೀರಗಲ್ಲಿನ ಮುಂದೆ ಬೆವರೊರೆಸಿಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬಿ. ಎಲ್. ರೈಸ್ ಅವರು ಅಂದಿನ ಬೆಂಗಳೂರು, ಕೋಲಾರ ಜಿಲ್ಲೆಗಳ ಶಾಸನಗಳನ್ನು 1905ರಲ್ಲಿ ಅಚ್ಚುಹಾಕಿಸಿದರು. ಅವುಗಳಲ್ಲಿ ಎಷ್ಟೋ ಕಲ್ಲುಗಳು ಇಂದು ಬಡಾವಣೆಗಳ ಅಡಿಗೆ ಸೇರಿವೆ. ಉಳಿದವನ್ನು ವಾರಕ್ಕೊಮ್ಮೆ ನೋಡಿಬರುವ ಕಣ್ಣುಗಳು ಬೇಡವೇ?

ಬೆಟ್ಟಗಳನ್ನು ಕೆಡಿಸುತ್ತಿರುವವರು ಯಾರೆಂಬುದನ್ನೂ ಕೇಳೋಣ. ಚಿಕ್ಕಬಳ್ಳಾಪುರದ ಸೀಮೆಯಲ್ಲಿ ಗುಡ್ಡಗಳನ್ನೇ ಜಲ್ಲಿಯಾಗಿ ಒಡೆದು ಸಾಗಿಸಿದ್ದಾರೆ. 2021ರ ಫೆಬ್ರವರಿಯಲ್ಲಿ ಹಿರೇನಾಗವಲ್ಲಿಯ ಬಳಿ ಕಲ್ಲುಗಣಿಯ ಸಿಡಿಮದ್ದು ಸಿಡಿದು ಆರು ಜನ ಪ್ರಾಣ ಬಿಟ್ಟರು. ಅದೇ ವರ್ಷದ ಆಗಸ್ಟಿನ ಮಳೆಗೆ ನಂದಿಯ ರಸ್ತೆಯ ಮೇಲೆ ಗುಡ್ಡ ಕುಸಿಯಿತು. 2023ರಲ್ಲಿ ಆ ಬೆಟ್ಟಕ್ಕೆ ರೋಪ್‌ವೇ ಕಟ್ಟಲು ಶಂಕುಸ್ಥಾಪನೆಯಾಯಿತು. ಸಿಡಿಮದ್ದಿಗೆ ದಾರಿಯುಂಟು, ಉಕ್ಕಿನ ಹಗ್ಗಕ್ಕೆ ದಾರಿಯುಂಟು, ಭಾನುವಾರದ ಮೋಟಾರುಗಳಿಗೆ ದಾರಿಯುಂಟು. ಹದಿನೈದು ಕಿಲೋ ತೂಕದ ಸೈಕಲ್ಲು ಬಂದರೆ ಮಾತ್ರ ಪರಿಸರದ ನೆನಪಾಗುತ್ತದೆ. ಊರೆಲ್ಲ ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕುವ ಬುದ್ಧಿ ಇದೇ ಅಲ್ಲವೇ?

ಹಾಗೆಂದು ಸವಾರರನ್ನು ನಾನು ಬಿಟ್ಟುಕೊಡುವವನಲ್ಲ. ಅವರಲ್ಲಿ ಹಲವರು ಬೆಟ್ಟಕ್ಕೆ ಹೋಗುವುದು ಬೆಟ್ಟ ನೋಡಲಿಕ್ಕಲ್ಲ, ಮೊಬೈಲಿನಲ್ಲಿ ಎಷ್ಟು ಎತ್ತರ ಏರಿತು, ಎಷ್ಟು ನಿಮಿಷ ಹಿಡಿಯಿತು ಎಂಬ ಲೆಕ್ಕ ನೋಡಲಿಕ್ಕೆ. ಕೋಟೆಯ ಮೆಟ್ಟಿಲ ಮೇಲೆ ಸೈಕಲ್ಲು ಇಳಿಸಿ ಚಿತ್ರ ತೆಗೆಸಿಕೊಳ್ಳುವವರಿದ್ದಾರೆ. ಕುರಿಮಂದೆ ಎದುರಾದರೆ ಗಂಟೆ ಬಾರಿಸಿ ಕುರುಬನನ್ನೇ ಗದರಿಸುವವರಿದ್ದಾರೆ. ಲಕ್ಷ ರೂಪಾಯಿಯ ಸೈಕಲ್ಲು ಕೊಂಡವನಿಗೆ, ಆ ದಾರಿಯನ್ನು ತುಳಿದು ತುಳಿದು ಮಾಡಿದವರು ಸೌದೆ ಹೊತ್ತ ಹೆಂಗಸರೂ ದನಗಾಹಿಗಳೂ ಎಂಬ ಅರಿವಿಲ್ಲದಿದ್ದರೆ, ಅವನನ್ನು ಬಾಗಿಲಲ್ಲೇ ತಡೆದರೂ ನನಗೆ ದುಃಖವಿಲ್ಲ. ಅದು ಸವಾರನಿಗೆ ಆಗಬೇಕಾದ ಶಿಕ್ಷೆ, ಸೈಕಲ್ಲಿಗಲ್ಲ.

ಆಗಬೇಕಾದ ಕೆಲಸ ದೊಡ್ಡದಲ್ಲ. ಫಲಕದಲ್ಲಿ ‘ಮೋಟಾರು ವಾಹನ’ ಎಂದೂ ‘ಸೈಕಲ್ಲು’ ಎಂದೂ ಬೇರೆಬೇರೆಯಾಗಿ ಬರೆಯಲಿ. ಕಾಡಿನ ಅಂಚಿನಲ್ಲಿ ಒಂದೆರಡು ದಾರಿಗಳನ್ನು ಗುರುತು ಹಾಕಿ ಬಿಡಲಿ. ಮಳೆ ಬಿದ್ದು ಮಣ್ಣು ಆರುವ ತನಕ ಮುಚ್ಚಲಿ. ಕೋಟೆಯೊಳಗೆ, ಶಾಸನದ ಬಂಡೆಯ ಮೇಲೆ, ಮೆಟ್ಟಿಲುಗಳಲ್ಲಿ ಸೈಕಲ್ಲನ್ನು ಹೆಗಲ ಮೇಲೆ ಹೊರಲಿ, ಇಲ್ಲವೇ ಹೊರಗೆ ನಿಲ್ಲಿಸಲಿ. ಸವಾರರಿಂದ ಚೀಟಿಯ ಹಣ ಪಡೆದು, ಅದರಲ್ಲಿ ಆ ಊರಿನ ಹುಡುಗರಿಗೇ ದಾರಿ ಕಾಯುವ, ನೀರು ಕಡಿಯುವ ಕೆಲಸಕ್ಕೆ ಕೂಲಿ ಕೊಡಲಿ. ಇಷ್ಟೂ ಆಗದಿದ್ದರೆ, ಮೊದಲು ಆ ಫಲಕವನ್ನಾದರೂ ತಿದ್ದಲಿ. ಬಣ್ಣ, ಕುಂಚ ಕೊಟ್ಟರೆ ಕಾಗುಣಿತ ತಪ್ಪದಂತೆ ಬರೆದುಕೊಡಲು ನಾನು ಸಿದ್ಧನಿದ್ದೇನೆ.