ವಾಯುಗುಣ ಸಂಶೋಧನೆ ಯಾರ ಪ್ರಶ್ನೆಗೆ ಉತ್ತರ?

ಹಾಸನ ಜಿಲ್ಲೆಯಲ್ಲಿ ಪಶ್ಚಿಮಕ್ಕೆ ನಡೆದಂತೆ ಮಳೆ ಹೆಚ್ಚುವುದೆಂದೂ ಪೂರ್ವಕ್ಕೆ ನಡೆದಂತೆ ಅದು ಇಳಿಯುವುದೆಂದೂ ಅಲ್ಲಿಯ ರೈತರೆಲ್ಲ ಬಲ್ಲರು. ಅರಕಲಗೂಡು ಮಲೆನಾಡಿನ ಸೆರಗಿನಲ್ಲಿರುವ ಸೀಮೆ. ಚನ್ನರಾಯಪಟ್ಟಣ ರಾಗಿ, ತೆಂಗುಗಳ ಬಯಲುಸೀಮೆ. ನಡುವೆ ಹೇಮಾವತಿಯ ದಡದಲ್ಲಿ ಹೊಳೆನರಸೀಪುರ. ಅರಕಲಗೂಡಿನಿಂದ ಚನ್ನರಾಯಪಟ್ಟಣಕ್ಕೆ ನೇರವಾಗಿ ಗೆರೆ ಎಳೆದರೆ ಅದರ ಉದ್ದ 50 ಕಿಲೋಮೀಟರು ಕೂಡ ಆಗದು. ಆದರೆ ಜಗತ್ತಿನ ವಾಯುಗುಣವನ್ನು ಗಣಕಯಂತ್ರಗಳಿಂದ ಲೆಕ್ಕಹಾಕುವವರು ಭೂಮಿಯನ್ನು ಸಾಮಾನ್ಯವಾಗಿ ಸುಮಾರು 100 ಕಿಲೋಮೀಟರು ಅಗಲದ ಚೌಕಗಳಾಗಿ ವಿಂಗಡಿಸಿಕೊಳ್ಳುತ್ತಾರೆ. ಅಂಥ ಒಂದೇ ಚೌಕದಲ್ಲಿ ಈ ಮೂರು ಊರುಗಳೂ ಹಾಸನವೂ ಅಡಗಿಹೋಗಬಹುದು; ಆಗ ನಾಲ್ಕಕ್ಕೂ ದೊರೆಯುವುದು ಒಂದೇ ಸರಾಸರಿ ಮಳೆ.

ಹೀಗೆಂದ ಮಾತ್ರಕ್ಕೆ ಆ ಲೆಕ್ಕ ಸುಳ್ಳೆಂದು ತಿಳಿಯಬಾರದು. 1901ರಿಂದ 2018ರವರೆಗೆ ಭಾರತದ ಸರಾಸರಿ ಉಷ್ಣತೆ ಸುಮಾರು 0.7 ಡಿಗ್ರಿ ಸೆಂಟಿಗ್ರೇಡಿನಷ್ಟು ಏರಿತೆಂದೂ, 1951ರಿಂದ 2015ರವರೆಗೆ ಮುಂಗಾರು ಮಳೆ ಶೇಕಡ 6ರಷ್ಟು ಕುಗ್ಗಿತೆಂದೂ 2020ರಲ್ಲಿ ಪ್ರಕಟವಾದ ರಾಷ್ಟ್ರೀಯ ವರದಿಯೊಂದು ತಿಳಿಸಿತು. ಈ ಅಂಕಿಗಳು ಬೆಲೆಯುಳ್ಳವು. ಆದರೆ ತಾಲ್ಲೂಕಿನ ಅಧಿಕಾರಿ ತೀರ್ಮಾನ ಮಾಡಬೇಕಾದುದು ತನ್ನ ಹೋಬಳಿಯ ವಿಚಾರವನ್ನು, ಅದೂ ಗೊತ್ತಾದ ಒಂದು ದಿನಾಂಕದೊಳಗೆ.

ಅವರಿಗೆ ಬೇಕಾದುದೇನು? ಮಳೆಗಾಲದಲ್ಲಿ ಮೂರು ನಾಲ್ಕು ವಾರ ಸತತವಾಗಿ ವಾಡಿಕೆಯ ಅರ್ಧಕ್ಕಿಂತ ಕಡಿಮೆ ಮಳೆ ಬಿದ್ದರೆ ಅದನ್ನು ಒಣ ಅವಧಿಯೆಂದು ಕೇಂದ್ರ ಸರ್ಕಾರದ 2016ರ ಬರ ಕೈಪಿಡಿ ಎಣಿಸುತ್ತದೆ. ಹಾಗಿದ್ದಲ್ಲಿ ಚನ್ನರಾಯಪಟ್ಟಣದ ತಹಸೀಲ್ದಾರರಿಗೆ ವರ್ಷದ ಸರಾಸರಿಯಿಂದ ಪ್ರಯೋಜನವಿಲ್ಲ. ರಾಗಿ ತೆನೆಗಟ್ಟುವ ಕಾಲದಲ್ಲಿ ಇಂಥ ಒಣ ಅವಧಿಗಳು ಮುಂದಿನ 20 ವರ್ಷಗಳಲ್ಲಿ ಎಷ್ಟು ಬಾರಿ ಬಂದಾವು ಎಂಬುದು ಅವರಿಗೆ ಬೇಕು. ಅರಕಲಗೂಡಿನ ಆಲೂಗಡ್ಡೆಯನ್ನು ಕೆಡಿಸುವ ಅಂಗಮಾರಿ ರೋಗ ತಂಪಿನಲ್ಲಿ, ಎಲೆ ಬಹುಕಾಲ ಒದ್ದೆಯಾಗಿದ್ದಾಗ ಹಬ್ಬುತ್ತದೆ. ತೋಟಗಾರಿಕೆ ಅಧಿಕಾರಿಗೆ ಎಷ್ಟು ಮಿಲಿಮೀಟರು ಮಳೆ ಬಿದ್ದಿತೆಂಬುದಕ್ಕಿಂತ ಎಷ್ಟು ಗಂಟೆ ತೇವ ನಿಂತಿತೆಂಬುದು ಮುಖ್ಯ. ಗೊರೂರಿನ ಹೇಮಾವತಿ ಜಲಾಶಯ ಹಿಡಿಯುವುದು ಸುಮಾರು 37 ಟಿ.ಎಂ.ಸಿ. ನೀರನ್ನು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ತಳೆಯಬಲ್ಲ ನೀರಾವಿ ಸುಮಾರು ಶೇಕಡ 7ರಷ್ಟು ಹೆಚ್ಚುವುದರಿಂದ ಜಡಿಮಳೆಗಳೂ ಬಲಿಯುತ್ತವೆ. ಕಟ್ಟೆಯಲ್ಲಿ ಎಷ್ಟು ಜಾಗವನ್ನು ಖಾಲಿ ಬಿಡಬೇಕು, ಎಷ್ಟು ನೀರನ್ನು ಬೇಸಗೆಗೆ ಉಳಿಸಬೇಕು ಎಂಬುದು ಎಂಜಿನಿಯರ ಪ್ರಶ್ನೆ.

ಆಡಳಿತದ ಅಗತ್ಯಕ್ಕೆ ಕಟ್ಟುಬಿದ್ದರೆ ವಿಜ್ಞಾನ ಸಂಕುಚಿತವಾಗುವುದೆಂದು ಕೆಲವರು ಆಕ್ಷೇಪಿಸಬಹುದು. ಚರಿತ್ರೆ ಬೇರೆಯದನ್ನು ಹೇಳುತ್ತದೆ. 1904ರಲ್ಲಿ ಭಾರತದ ಹವಾಮಾನ ಇಲಾಖೆಯ ಹೊಣೆ ಹೊತ್ತ ಗಿಲ್ಬರ್ಟ್ ವಾಕರ್ ಅವರ ಮುಂದಿದ್ದುದು ಕ್ಷಾಮದಿಂದ ಬಳಲಿದ ದೇಶದ ಸರಳ ಪ್ರಶ್ನೆ: ಮುಂಗಾರು ಕೈಕೊಡುವುದೆಂದು ಮೊದಲೇ ಹೇಳಬಹುದೆ? ಅದನ್ನು ಬೆನ್ನಟ್ಟಿದ ಅವರು ಶಾಂತಸಾಗರದ ವಾಯುಭಾರದ ತೂಗಾಟವನ್ನು ಗುರುತಿಸಿದರು. ಇಂದು ನಾವು ಎಲ್ ನಿನೊವನ್ನು ಅರಿಯುವುದು ಆ ತಳಹದಿಯ ಮೇಲೆಯೇ. ಎಲ್ ನಿನೊ ತಲೆಯೆತ್ತಿದ 2023ರಲ್ಲಿ ಕರ್ನಾಟಕ ಸರ್ಕಾರ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಬೇಕಾಯಿತು.

ಆದುದರಿಂದ ನಮ್ಮ ಸಲಹೆ ಇಷ್ಟು. ಪ್ರತಿ ವರ್ಷ ಸುಗ್ಗಿ ಮುಗಿದೊಡನೆ ಸಂಶೋಧಕರೂ ತಾಲ್ಲೂಕು ಅಧಿಕಾರಿಗಳೂ ರೈತರೂ ಜಿಲ್ಲಾ ಕೇಂದ್ರದಲ್ಲಿ ಒಟ್ಟಿಗೆ ಕುಳಿತು, ಯಾವ ತೀರ್ಮಾನ, ಯಾವ ದಿನಾಂಕ, ಯಾವ ಸ್ಥಳ ಎಂಬುದನ್ನು ಬರೆದಿಡಲಿ. ಮಳೆಮಾಪಕ, ಒಳಹರಿವು, ಬೆಳೆನಷ್ಟಗಳ ದಾಖಲೆಗಳನ್ನು ಇಲಾಖೆಗಳು ಸಂಶೋಧಕರಿಗೆ ತೆರೆದಿಡಲಿ. ಸಂಶೋಧಕರು ಉತ್ತರದ ಜೊತೆಗೆ ಅದರ ಅನಿಶ್ಚಿತತೆಯನ್ನೂ ತಿಳಿಸಲಿ. ಮರುವರ್ಷ ಅದನ್ನು ನಡೆದ ಸಂಗತಿಯೊಡನೆ ಹೋಲಿಸಲಿ. ಒಂದು ಕಟ್ಟುಪಾಡು ಮಾತ್ರ ಅವಶ್ಯ: ಪ್ರಶ್ನೆ ಆಡಳಿತದ್ದಾಗಬಹುದು, ಉತ್ತರ ಎಂದಿಗೂ ಆಡಳಿತದ್ದಾಗಬಾರದು. ಅಪ್ರಿಯವಾದ ಅಂಕಿಯನ್ನು ಹೇಳುವ ಸ್ವಾತಂತ್ರ್ಯವಿಲ್ಲದ ಸಂಶೋಧನೆಯಿಂದ ರೈತನ ಒಂದು ಚೀಲ ಬಿತ್ತನೆಗಡ್ಡೆಯೂ ಉಳಿಯದು.