ಬಿದಿರಿನ ಪರದೆ ಒರೆಸೋದು ಯಾರಿಗೆ ಗೊತ್ತು?

ಹೋದ ವಾರ ಗೆಳೆಯರೊಬ್ಬರ ಹೊಸ ಮನೆಗೆ ಹೋಗಿದ್ದೆ. ಕಿಟಕಿಗೆಲ್ಲ ಬಿದಿರಿನ ಪರದೆ ಹಾಕಿಸಿದ್ದಾರೆ. ಚೆನ್ನಾಗಿದೆ. 'ಧೂಳು ಕೂರಲ್ವಾ, ಹೇಗೆ ಕ್ಲೀನ್ ಮಾಡ್ತೀರಾ?' ಅಂದೆ. 'ಕೆಲಸದವರು ಬರ್ತಾರಲ್ಲ' ಅಂದ್ರು. ಇವರು ಹೊರಗಿನವರಲ್ಲ. ನೀಲಿ ಬಾವುಟದ ಕೆಳಗೆ ನನ್ನ ಜೊತೆ ಘೋಷಣೆ ಕೂಗಿದವರು. ಅದಕ್ಕೇ ಇದನ್ನ ಬರೀತಿದೀನಿ.

ನಾನು ಎಂಟನೇ ಕ್ಲಾಸಲ್ಲಿದ್ದಾಗ ಅವ್ವ ಮೈಸೂರಿನ ಒಂದು ದೊಡ್ಡ ಮನೆಯಲ್ಲಿ ಕೆಲಸಕ್ಕಿದ್ದಳು. ವರಾಂಡದ ಸುತ್ತ ಆರು ಬಿದಿರಿನ ಪರದೆ. ಹಬ್ಬಕ್ಕೆ ಮುಂಚೆ ಯಜಮಾನಿ 'ಎಲ್ಲಾ ಇಳಿಸಿ ತೊಳೆದುಬಿಡು' ಅಂದ್ರು. ಹೇಗೆ ಅಂತ ಹೇಳಲಿಲ್ಲ. ಅವ್ವ ತನಗೆ ಗೊತ್ತಿದ್ದ ಹಾಗೆ ಮಾಡಿದಳು. ಸೋಪಿನ ಪುಡಿ ಕಲಸಿದ ನೀರಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಬ್ರಷ್‌ನಲ್ಲಿ ಉಜ್ಜಿ, ತಾರಸಿಯ ಸುಡುಬಿಸಿಲಲ್ಲಿ ಒಣಹಾಕಿದಳು.

ದಬ್ಬೆಗಳು ಸೊಟ್ಟಗಾದವು. ಹೆಣೆದ ದಾರ ಎಳೆದುಕೊಂಡಿತು. ಸರಿಯಾಗಿ ಒಣಗದೇ ಸುತ್ತಿಟ್ಟ ಎರಡರಲ್ಲಿ ಕಪ್ಪು ಬೂಷ್ಟು ಬಂತು. ಆ ತಿಂಗಳ ಸಂಬಳ ಪೂರ್ತಿ ಹಿಡಿದರು.

ದುಡ್ಡು ಹೋದದ್ದಕ್ಕೆ ಅವ್ವ ಅಳಲಿಲ್ಲ. ಆದ್ರೆ ಯಜಮಾನಿ ಅಂದ ಒಂದು ಮಾತನ್ನ ಒಲೆ ಮುಂದೆ ಕೂತು ತನಗೆ ತಾನೇ ಎರಡು ಮೂರು ಸಲ ಹೇಳಿಕೊಂಡಳು: 'ನಿಮ್ಮೋರಿಗೆ ಇಂಥ ಸಾಮಾನು ಹೇಗೆ ಮುಟ್ಟಬೇಕು ಅಂತಾನೇ ಗೊತ್ತಿಲ್ಲ.' ಮುಟ್ಟೋದು! ಆ ಮನೆಯಲ್ಲಿ ಅವ್ವನ ಲೋಟ ಹಿತ್ತಲ ಗೋಡೆ ಮೇಲಿರ್ತಿತ್ತು.

ಆಮೇಲೆ ಅವ್ವ ಮಾಡಿದ್ದು ನನಗೆ ಇವತ್ತಿಗೂ ದೊಡ್ಡದು. ಮುಂದಿನ ಭಾನುವಾರ ಮೇದರ್ ಬ್ಲಾಕಿಗೆ ಹೋದಳು, ನನ್ನನ್ನೂ ಕರ್ಕೊಂಡು. ರಸ್ತೆ ಬದಿ ಕೂತು ದಬ್ಬೆ ಸೀಳ್ತಿದ್ದ ವಯಸ್ಸಾದವರೊಬ್ಬರನ್ನ 'ಅಣ್ಣಾ, ಇದನ್ನ ಶುಚಿ ಮಾಡೋದು ಹೇಗೆ?' ಅಂತ ಕೇಳಿದಳು.

ಅವರು ಕತ್ತಿ ಕೆಳಗಿಟ್ಟು ಹೇಳಿದ್ರು: 'ಇದು ಮರ ಅಲ್ಲ ತಾಯಿ, ಹುಲ್ಲು. ನೀರು ಕುಡಿಯುತ್ತೆ. ಕುಡಿಸಬ್ಯಾಡ.'

ಪರದೆ ಇಳಿಸೋದೇ ಬೇಡ, ಪೂರ್ತಿ ಕೆಳಗೆ ಬಿಟ್ಟು ಒಣ ಹತ್ತಿಬಟ್ಟೆಯಲ್ಲಿ ಮೇಲಿಂದ ಕೆಳಕ್ಕೆ ಬರಬೇಕು. ಒಂದೊಂದು ದಬ್ಬೆಯನ್ನೂ ಅದರ ಉದ್ದಕ್ಕೇ ಒರೆಸಬೇಕು, ಅಡ್ಡ ಉಜ್ಜಿದ್ರೆ ಸಿಬಿರು ಏಳುತ್ತೆ. ದಾರ ಹಾಯ್ದ ಕಡೆ ಮೆತ್ತನೆ ಬ್ರಷ್. ಎರಡೂ ಮಗ್ಗುಲು, ವಾರಕ್ಕೊಂದು ಸಲ. ಜಿಡ್ಡು ಹಿಡಿದಿದ್ರೆ ಉಗುರುಬೆಚ್ಚಗಿನ ನೀರಿಗೆ ಎರಡು ತೊಟ್ಟು ಸೋಪು, ಬಟ್ಟೆ ಅದ್ದಿ ನೀರು ತೊಟ್ಟಿಕ್ಕದ ಹಾಗೆ ಹಿಂಡಿ ಒರೆಸಬೇಕು, ತಕ್ಷಣ ಒಣಬಟ್ಟೆ ಆಡಿಸಬೇಕು. ಗಾಳಿಗೆ ಪೂರ್ತಿ ಒಣಗೋವರೆಗೂ ಸುತ್ತಬಾರದು. ಮಳೆಗಾಲದಲ್ಲಿ ಬೂಷ್ಟು ಬರೋದೇ ಒದ್ದೆ ಪರದೆ ಸುತ್ತಿಟ್ಟಾಗ. ದಾರ ಸಡಿಲ ಆದ್ರೆ ಹರಿಯೋ ಮುಂಚೆ ಕಟ್ಟಿಸಬೇಕು.

ಕೆಳಗೆ ಹಿಟ್ಟಿನಂಥ ಪುಡಿ ಉದುರ್ತಿದ್ರೆ ಅದು ಒರೆಸುವವಳ ತಪ್ಪಲ್ಲ. ಎಳೆ ಬಿದಿರು ಕಡಿದು, ಹರಿಯೋ ನೀರಲ್ಲಿ ನೆನೆಸಿ ಅದರ ಸತ್ವ ತೆಗೆಯದೇ ಹೆಣೆದಿದ್ದಾರೆ ಅಂತ ಅರ್ಥ. ಆ ಸತ್ವಕ್ಕೇ ಹುಳ ಬರೋದು.

ಐದು ನಿಮಿಷದ ಮಾತು. ಅಷ್ಟು ಗೊತ್ತಿದ್ದಿದ್ರೆ ಒಂದು ತಿಂಗಳ ಸಂಬಳ ಉಳೀತಿತ್ತು.

ಈಗ ಯೋಚನೆ ಮಾಡಿ. ಹೆಣೆದವನಿಗೆ ಬಿದಿರು ಗೊತ್ತು, ಅವನು ರಸ್ತೆ ಬದಿ. ಒರೆಸುವವಳಿಗೆ ಕೆಲಸ ಗೊತ್ತು, ಅವಳು ಹಿತ್ತಲ ಬಾಗಿಲಲ್ಲಿ. ನಡುವೆ ಕೂತವರಿಗೆ ಎರಡೂ ಗೊತ್ತಿಲ್ಲ, ಆದ್ರೆ ದಂಡ ಹಾಕೋ ಅಧಿಕಾರ ಅವರದ್ದು. ಜಾತಿ ಅಂದ್ರೆ ಇದೇ. ಅರಿವು ಇರೋರನ್ನ ಅರಿವುಗೇಡಿಗಳು ಅಂತ ಕರೆಯೋ ವ್ಯವಸ್ಥೆ.

ಕಾಡಲ್ಲೂ ಇದೇ ಕಥೆ. ಎಪ್ಪತ್ತರ ದಶಕದಲ್ಲಿ ಉತ್ತರ ಕನ್ನಡದ ಬಿದಿರು ಕಾಗದದ ಕಾರ್ಖಾನೆಗೆ ಪುಕ್ಕಟೆ ಅನ್ನೋ ದರಕ್ಕೆ ಹೋಗ್ತಿತ್ತು, ಬುಟ್ಟಿ ಹೆಣೆಯೋರಿಗೆ ಬಿದಿರೇ ಸಿಗದ ಹಾಗಾಯ್ತು. ಬಿದಿರು ಮೆಳೆಯ ಬುಡದ ಮುಳ್ಳು ಸವರಿದ್ರೆ ಚೆನ್ನಾಗಿ ಬೆಳೆಯುತ್ತೆ ಅಂತ ಓದಿದವರು ಸವರಿಸಿದ್ರು. ಹಳ್ಳಿಯವರು ಬೇಡ ಅಂದ್ರು, ಆ ಮುಳ್ಳೇ ಕಳಲೆಗೆ ಬೇಲಿ ಅಂತ. ವಿಜ್ಞಾನಿ ಮಾಧವ ಗಾಡ್ಗೀಳ್ ಅಧ್ಯಯನ ಮಾಡಿ ನೋಡಿದಾಗ ಹಳ್ಳಿಯವರ ಮಾತೇ ನಿಜವಾಗಿತ್ತು. ಮುಳ್ಳು ಹೋದ ಮೇಲೆ ದನಕರು, ಕಾಡುಪ್ರಾಣಿಗಳು ಎಳೆ ಕಳಲೆಯನ್ನ ತಿಂದುಹಾಕಿದ್ದವು.

ಹಂಗಂತ ಕುಲಕಸುಬನ್ನ ಹಾಡಿ ಹೊಗಳೋಕೆ ನಾನು ಬಂದಿಲ್ಲ. ಮೇದರ ಮಗು ಮೇದರ ಕೆಲಸಾನೇ ಮಾಡಬೇಕು, ನನ್ನ ಅವ್ವನ ಮಗಳು ಇನ್ನೊಬ್ಬರ ಕಿಟಕಿ ಒರೆಸಬೇಕು ಅನ್ನೋದನ್ನ ಮುರಿಯೋಕೇ ನಾವು ಬೀದಿಗಿಳಿದದ್ದು. ಬಿಡಬೇಕು ಅನ್ನೋರು ಬಿಡೋ ಹಾಗಿರಬೇಕು, ಮಾಡೋರಿಗೆ ಮರ್ಯಾದೆ ಮತ್ತು ಕೂಲಿ ಸಿಗಬೇಕು. ಮೇದರ ಕೇತಯ್ಯನ ಹೆಸರಲ್ಲಿ ಭಾಷಣ ಮಾಡಿ ಬಂದು ಪರದೆ ಕಟ್ಟೋ ಅಣ್ಣನ ಹತ್ರ ಐವತ್ತು ರೂಪಾಯಿಗೆ ಚೌಕಾಸಿ ಮಾಡೋದು ನಾವೇ ಅಲ್ವಾ?

ನಮ್ಮಲ್ಲೂ ಈಗ ಮನೆ ಕಟ್ಟಿದವರಿದ್ದಾರೆ, ಪರದೆ ಹಾಕಿಸಿದವರಿದ್ದಾರೆ. ಸಂತೋಷ. ಕೇಳೋದು ಮೂರೇ.

ನಿಮ್ಮ ಮನೆಯ ಪರದೆ ಮೊದಲ ಸಲ ನೀವೇ ಒರೆಸಿ. ಎಷ್ಟು ಹೊತ್ತು ಹಿಡಿಯುತ್ತೆ, ಕುತ್ತಿಗೆ ಎಷ್ಟು ನೋಯುತ್ತೆ ಗೊತ್ತಾಗುತ್ತೆ. ಆಮೇಲೆ ಕೆಲಸದವರಿಗೆ ಒಪ್ಪಿಸೋದಾದ್ರೆ ಹೇಗೆ ಅಂತ ಕೂತು ಹೇಳಿ, ಆ ಹೊತ್ತಿಗೆ ಬೇರೆ ದುಡ್ಡು ಕೊಡಿ, ಹಾಳಾದ್ರೆ ಸಂಬಳಕ್ಕೆ ಕೈ ಹಾಕಬೇಡಿ. ಕರ್ನಾಟಕದಲ್ಲಿ ಮನೆಗೆಲಸದವರಿಗೆ ಕನಿಷ್ಠ ವೇತನದ ಅಧಿಸೂಚನೆ ಬಂದಿದ್ದು 2004ರಲ್ಲಿ. ನಮ್ಮವರ ಮನೆಗಳಲ್ಲೇ ಅದು ಜಾರಿ ಆಗದಿದ್ರೆ ಸರ್ಕಾರವನ್ನ ಕೇಳೋ ಬಾಯಿ ನಮಗೆಲ್ಲಿದೆ? ಮೂರನೇದು, ದಾರ ಹರಿದಾಗ ಹೊಸದು ಆರ್ಡರ್ ಮಾಡೋ ಮುಂಚೆ ಹೆಣೆಯೋರನ್ನ ಕರೆಸಿ, ಕೇಳಿದಷ್ಟು ಕೊಡಿ, ಒಳಗೆ ಕೂರಿಸಿ ಟೀ ಕೊಡಿ. ನೀವು ಕುಡಿಯೋ ಲೋಟದಲ್ಲೇ.

ಅವ್ವ ಈಗ ಕೆಲಸಕ್ಕೆ ಹೋಗಲ್ಲ. ನನ್ನ ಬಾಡಿಗೆ ಮನೆ ಕಿಟಕಿಗೆ ಒಂದು ಬಿದಿರಿನ ಪರದೆ ಇದೆ. ಭಾನುವಾರ ನಾನು ಒರೆಸ್ತೀನಿ. ಅಡ್ಡ ಉಜ್ಜಿದ್ರೆ ಕುರ್ಚಿಯಿಂದಲೇ ಗದರ್ತಾಳೆ: 'ಉದ್ದಕ್ಕೆ ಒರ್ಸೇ!'

ಜೈ ಭೀಮ್.